ಮ್ಯಾಪಿನಲ್ಲಿ ನಿಮ್ಮ ಅಂಗಡಿ: ಹತ್ತು ತಪ್ಪು ಕಲ್ಪನೆ, ಹತ್ತು ವಾಸ್ತವ

ಊರಿಗೆ ಹೊಸದಾಗಿ ಬಂದವರು ಬಸ್ ನಿಲ್ದಾಣದ ಬೀಡಾ ಅಂಗಡಿಯಲ್ಲಿ ದಾರಿ ಕೇಳುವುದು ಈಗ ಕಡಿಮೆ. ಗಾಡಿ ಪಂಕ್ಚರ್ ಆದರೂ, ಹೊಟ್ಟೆ ಹಸಿದರೂ, ಕನ್ನಡಕದ ಕಾಲು ಮುರಿದರೂ ಮೊದಲು ಕೇಳುವುದು ಕೈಯಲ್ಲಿರುವ ಫೋನನ್ನು. ಪರದೆಯ ಮೇಲೆ ಒಂದು ತುಂಡು ನಕ್ಷೆ, ಅದರ ಕೆಳಗೆ ಸಾಮಾನ್ಯವಾಗಿ ಮೂರು ಅಂಗಡಿಗಳ ಹೆಸರು ಬರುತ್ತವೆ. ಬಹಳ ಜನ ಅದರಿಂದ ಕೆಳಗೆ ನೋಡುವುದೇ ಇಲ್ಲ.

ಆ ಮೂರರೊಳಗೆ ತಮ್ಮ ಹೆಸರಿಲ್ಲ ಎಂಬ ಚಿಂತೆ ಸಣ್ಣ ವ್ಯಾಪಾರಿಗಳಿಗೆ ಸಹಜ. ಅದನ್ನೇ ಬಂಡವಾಳ ಮಾಡಿಕೊಂಡು ದುಡ್ಡು ಕೀಳುವವರೂ ಇದ್ದಾರೆ. ಅಂಗಡಿಯ ವಿವರ ಮ್ಯಾಪಿನಲ್ಲಿ ಬರುವುದು ಗೂಗಲ್ ಬಿಸಿನೆಸ್ ಪ್ರೊಫೈಲ್ ಮೂಲಕ. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂದು ಶುರುವಾದ ಈ ಸೇವೆಗೆ 2021ರಲ್ಲಿ ಈಗಿನ ಹೆಸರು ಬಂತು. ಅಂದಿನಿಂದ ಇಂದಿನವರೆಗೂ ಇದು ಉಚಿತ. ಇದರ ಸುತ್ತ ಹಬ್ಬಿರುವ ಕೆಲವು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

1. ತಪ್ಪು ಕಲ್ಪನೆ: ದುಡ್ಡು ಕೊಟ್ಟರೆ ಮೊದಲ ಸ್ಥಾನ ಸಿಗುತ್ತದೆ

ವಾಸ್ತವ: ಮ್ಯಾಪಿನ ಸಹಜ ಫಲಿತಾಂಶದಲ್ಲಿ ಮೇಲಿನ ಸ್ಥಾನವನ್ನು ಗೂಗಲ್ ಮಾರುವುದಿಲ್ಲ. ಅದು ನೋಡುವುದು ಮೂರು ಸಂಗತಿಗಳನ್ನು ಎಂದು ಕಂಪನಿಯೇ ಹೇಳಿಕೊಂಡಿದೆ. ಗ್ರಾಹಕ ಕೇಳಿದ್ದಕ್ಕೂ ನಿಮ್ಮ ವ್ಯಾಪಾರಕ್ಕೂ ಎಷ್ಟು ತಾಳೆಯಾಗುತ್ತದೆ, ನೀವು ಅವನಿಂದ ಎಷ್ಟು ದೂರದಲ್ಲಿದ್ದೀರಿ, ನಿಮಗೆ ಎಷ್ಟು ಹೆಸರಿದೆ. ಹೆಸರು ಎಂದರೆ ರಿವ್ಯೂಗಳು, ಬೇರೆ ಜಾಲತಾಣಗಳಲ್ಲಿ ನಿಮ್ಮ ಉಲ್ಲೇಖ, ಪತ್ರಿಕೆಗಳಲ್ಲಿ ಬಂದ ಬರಹ ಇತ್ಯಾದಿ.

ದುಡ್ಡು ಕೊಟ್ಟು ಹಾಕಿಸುವ ಜಾಹೀರಾತು ಬೇರೆ. ಅದರ ಮೇಲೆ ‘ಪ್ರಾಯೋಜಿತ’ ಎಂಬ ಗುರುತು ಇರುತ್ತದೆ, ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಬೇಕಾದವರು ಹಾಕಿಸಲಿ. ಆದರೆ ಜಾಹೀರಾತನ್ನೇ ‘ಪರ್ಮನೆಂಟ್ ರ್‍ಯಾಂಕಿಂಗ್’ ಎಂದು ಮಾರುವವರ ಮಾತು ನಂಬಬೇಡಿ.

2. ತಪ್ಪು ಕಲ್ಪನೆ: ಗೂಗಲ್‌ನವರೇ ಫೋನ್ ಮಾಡಿದ್ದಾರೆ, ಹಣ ಕಟ್ಟದಿದ್ದರೆ ಲಿಸ್ಟಿಂಗ್ ಹೋಗುತ್ತದೆ

ವಾಸ್ತವ: ಈ ಕರೆಯ ಧಾಟಿ ಊರೂರಿಗೂ ಒಂದೇ. ವ್ಯಾಪಾರ ಜೋರಾಗಿರುವ ಹೊತ್ತು ನೋಡಿಯೇ ಫೋನ್ ಬರುತ್ತದೆ. “ಸರ್, ಗೂಗಲ್‌ನಿಂದ ಮಾತಾಡ್ತಿದ್ದೀವಿ. ನಿಮ್ಮ ಲಿಸ್ಟಿಂಗ್ ಇವತ್ತು ಸಂಜೆ ಬಂದ್ ಆಗುತ್ತೆ. ರಿನ್ಯೂವಲ್ ಚಾರ್ಜ್ ಕಟ್ಟಿಬಿಡಿ, ಫಸ್ಟ್ ಪೇಜ್ ಗ್ಯಾರಂಟಿ. ಈಗ ಒಂದು ಒಟಿಪಿ ಬರುತ್ತೆ, ಹೇಳಿ ಸರ್.” ಈ ನಾಲ್ಕು ಮಾತಿನಲ್ಲಿ ಒಂದೂ ನಿಜವಿಲ್ಲ. ಉಚಿತ ಸೇವೆಗೆ ರಿನ್ಯೂವಲ್ ಎಂಬುದು ಇರುವುದಿಲ್ಲ. ಮೊದಲ ಪುಟದ ಗ್ಯಾರಂಟಿಯನ್ನು ಯಾರೂ ಕೊಡಲಾಗದು. ಇನ್ನು ಆ ಒಟಿಪಿ ನಿಮ್ಮ ಪ್ರೊಫೈಲಿನ ಕೀಲಿ. ಹೇಳಿದಿರೋ, ಪ್ರೊಫೈಲ್ ಅವರ ಕೈಗೆ ಹೋಯಿತು.

ಫೋಟೊ ತೆಗೆದು, ವಿವರ ತುಂಬಿ, ಪ್ರೊಫೈಲ್ ನೋಡಿಕೊಳ್ಳುವ ಪ್ರಾಮಾಣಿಕ ಏಜೆನ್ಸಿಗಳೂ ಇವೆ. ಅವರು ಕೇಳುವುದು ತಮ್ಮ ದುಡಿಮೆಯ ಕೂಲಿಯನ್ನು. ತಾವೇ ಗೂಗಲ್ ಎಂದು ಅವರು ಹೇಳಿಕೊಳ್ಳುವುದಿಲ್ಲ.

3. ತಪ್ಪು ಕಲ್ಪನೆ: ನನ್ನ ಫೋನಿನಲ್ಲಿ ನಮ್ಮ ಅಂಗಡಿಯೇ ಮೊದಲು ಬರುತ್ತದೆ, ಹಾಗಾದರೆ ಎಲ್ಲರಿಗೂ ಹಾಗೇ ಬರುತ್ತದೆ

ವಾಸ್ತವ: ಗಲ್ಲಾಪೆಟ್ಟಿಗೆಯ ಮುಂದೆ ಕೂತು ಹುಡುಕಿದರೆ ಎಲ್ಲಕ್ಕಿಂತ ಹತ್ತಿರದ ಅಂಗಡಿ ನಿಮ್ಮದೇ ಆಗಿರುತ್ತದೆ! ಮೈಸೂರಿನ ದೇವರಾಜ ಅರಸ್ ರಸ್ತೆಯಲ್ಲಿ ನಿಂತು ‘ಟೈಲರ್’ ಎಂದು ಹುಡುಕಿದವನಿಗೂ ವಿಜಯನಗರದಲ್ಲಿ ನಿಂತು ಹುಡುಕಿದವನಿಗೂ ಕಾಣುವ ಪಟ್ಟಿ ಬೇರೆಬೇರೆ. ಹಾಗಾಗಿ ‘ಊರಿಗೇ ನಂಬರ್ ಒನ್’ ಎಂಬ ಮಾತಿಗೆ ಇಲ್ಲಿ ಹೆಚ್ಚು ಅರ್ಥವಿಲ್ಲ. ಬೇರೆ ಬಡಾವಣೆಯಲ್ಲಿರುವ ನೆಂಟರಿಗೆ ಅಲ್ಲಿಂದಲೇ ಹುಡುಕಿ ಸ್ಕ್ರೀನ್‌ಶಾಟ್ ಕಳಿಸಲು ಹೇಳಿ, ನಿಜಸ್ಥಿತಿ ತಿಳಿಯುತ್ತದೆ.

4. ತಪ್ಪು ಕಲ್ಪನೆ: ಹೆಸರಿನ ಜೊತೆ ಎಲ್ಲ ಸೇವೆಗಳನ್ನೂ ಸೇರಿಸಿದರೆ ಹೆಚ್ಚು ಜನಕ್ಕೆ ಸಿಗುತ್ತೇವೆ

ವಾಸ್ತವ: ಬೋರ್ಡಿನ ಮೇಲೆ ಬರೀ ‘ಗಣೇಶ್ ಮೊಬೈಲ್ಸ್’ ಎಂದಿರುತ್ತದೆ. ಮ್ಯಾಪಿನಲ್ಲಿ ಅದು ‘ಗಣೇಶ್ ಮೊಬೈಲ್ಸ್ ಬೆಸ್ಟ್ ಮೊಬೈಲ್ ರಿಪೇರಿ ಸೆಕೆಂಡ್ ಹ್ಯಾಂಡ್ ಫೋನ್ ಕಡಿಮೆ ಬೆಲೆ’ ಎಂದು ರೈಲಿನಷ್ಟು ಉದ್ದವಾಗುತ್ತದೆ. ಇದು ನಿಯಮಕ್ಕೆ ವಿರುದ್ಧ. ಬೋರ್ಡಿನಲ್ಲಿ, ಬಿಲ್ಲಿನಲ್ಲಿ, ಜನರ ಬಾಯಲ್ಲಿ ಯಾವ ಹೆಸರಿದೆಯೋ ಅದನ್ನಷ್ಟೇ ಹಾಕಬೇಕು. ಹೀಗೆ ತುರುಕಿದ ಕೆಲವರಿಗೆ ಸ್ವಲ್ಪ ಕಾಲ ಲಾಭವಾದದ್ದೂ ಉಂಟು. ಆದರೆ ಎದುರಂಗಡಿಯವನು ದೂರು ಕೊಟ್ಟರೆ ಹೆಸರನ್ನು ಗೂಗಲ್ ತಿದ್ದಬಹುದು, ಇಡೀ ಪ್ರೊಫೈಲೇ ಅಮಾನತಾಗಲೂಬಹುದು. ದೀಪಾವಳಿ ವಾರದಲ್ಲಿ ಅಮಾನತಾದರೆ ನಷ್ಟ ಎಷ್ಟೆಂದು ವ್ಯಾಪಾರಿಗೆ ಹೇಳಿಕೊಡಬೇಕಿಲ್ಲ.

5. ತಪ್ಪು ಕಲ್ಪನೆ: ಕೆಟಗರಿ ಹೆಚ್ಚಾದಷ್ಟೂ ಒಳ್ಳೆಯದು

ವಾಸ್ತವ: ಒಂದು ಮುಖ್ಯ ಕೆಟಗರಿ, ಅದರ ಜೊತೆ ಒಂಬತ್ತರವರೆಗೆ ಉಪ ಕೆಟಗರಿಗಳಿಗೆ ಅವಕಾಶವಿದೆ. ಅವಕಾಶವಿದೆಯೆಂದು ಹತ್ತನ್ನೂ ತುಂಬಬೇಕಿಲ್ಲ. ತೂಕವಿರುವುದು ಮುಖ್ಯ ಕೆಟಗರಿಗೆ.

ಹುಬ್ಬಳ್ಳಿಯ ಒಂದು ಖಾನಾವಳಿಯನ್ನು ಊಹಿಸಿಕೊಳ್ಳಿ. ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಚಟ್ನಿ, ಕೆನೆಮೊಸರು ಅವರ ಹೆಗ್ಗಳಿಕೆ. ಮದುವೆ ಮುಂಜಿಗೆ ರೊಟ್ಟಿ ಒದಗಿಸುವುದೂ ಉಂಟು. ಯಾರೋ ತುಂಬಿಕೊಟ್ಟ ಪ್ರೊಫೈಲಿನಲ್ಲಿ ಮುಖ್ಯ ಕೆಟಗರಿ ‘ಕೇಟರರ್’ ಎಂದಾಗಿದ್ದರೆ, ಮಧ್ಯಾಹ್ನ ಹಸಿದು ಊಟ ಹುಡುಕುವವನಿಗೆ ಈ ಖಾನಾವಳಿ ಕಾಣುವುದು ಕಷ್ಟ. ಕೆಟಗರಿಯನ್ನು ಗೂಗಲ್ ಕೊಟ್ಟ ಪಟ್ಟಿಯಿಂದಲೇ ಆರಿಸಬೇಕು, ನಮ್ಮದೊಂದು ಹೊಸದನ್ನು ಸೇರಿಸಲಾಗದು. ಹಾಗಾಗಿ ‘ಸಸ್ಯಾಹಾರಿ ರೆಸ್ಟೋರೆಂಟ್’ ಮುಖ್ಯವಾಗಲಿ, ‘ಕೇಟರರ್’ ಉಪವಾಗಲಿ. ಪಟ್ಟಿಯಲ್ಲಿಲ್ಲದ ರೊಟ್ಟಿ, ಎಣ್ಣೆಗಾಯಿಗಳು ಮೆನುವಿನಲ್ಲಿ, ಫೋಟೊದಲ್ಲಿ, 750 ಅಕ್ಷರಗಳ ಪರಿಚಯದಲ್ಲಿ ಬರಲಿ. ತಟ್ಟೆ ತುಂಬಿದ ಊಟದ ಒಂದು ಒಳ್ಳೆಯ ಫೋಟೊ, ‘ರುಚಿ ಶುಚಿ ನಮ್ಮ ಧ್ಯೇಯ’ ಎಂದು ಬರೆಯುವುದಕ್ಕಿಂತ ಹೆಚ್ಚು ಹೇಳುತ್ತದೆ.

6. ತಪ್ಪು ಕಲ್ಪನೆ: ಐದು ಸ್ಟಾರ್‌ಗಳನ್ನು ಕೊಂಡುಕೊಳ್ಳಬಹುದು, ಕೆಟ್ಟ ರಿವ್ಯೂ ಅಳಿಸಿಬಿಡಬಹುದು

ವಾಸ್ತವ: ದುಡ್ಡಿಗೆ ರಿವ್ಯೂ ಬರೆಸುವುದಷ್ಟೇ ಅಲ್ಲ, “ಐದು ಸ್ಟಾರ್ ಕೊಡಿ, ಬಿಲ್ಲಿನಲ್ಲಿ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀವಿ” ಎನ್ನುವುದೂ ತಪ್ಪೇ. ಖುಷಿಯಾದವರನ್ನು ಮಾತ್ರ ಆರಿಸಿ ಬರೆಸಿ, ಬೇಸರಗೊಂಡವರನ್ನು ತಡೆಯುವುದಕ್ಕೂ ಗೂಗಲ್ ನಿಯಮ ಒಪ್ಪುವುದಿಲ್ಲ. ಸಿಕ್ಕಿಬಿದ್ದ ಅಂಗಡಿಗೆ ಹೊಸ ರಿವ್ಯೂ ಬರದಂತೆ ತಡೆಯಬಹುದು, ಇರುವ ರಿವ್ಯೂಗಳನ್ನೂ ಕೆಲಕಾಲ ಮರೆಮಾಡಬಹುದು. ಭಾರತೀಯ ಮಾನಕ ಬ್ಯೂರೊ ಆನ್‌ಲೈನ್ ರಿವ್ಯೂಗಳಿಗೆಂದೇ 2022ರ ನವೆಂಬರ್‌ನಲ್ಲಿ ಐಎಸ್ 19000 ಎಂಬ ಮಾನದಂಡ ತಂದಿತು. ಕೊಂಡುಕೊಂಡ ರಿವ್ಯೂಗಳನ್ನು, ಅದಕ್ಕೆಂದೇ ನೇಮಿಸಿದವರು ಬರೆದದ್ದನ್ನು ಪ್ರಕಟಿಸಬಾರದು ಎನ್ನುತ್ತದೆ ಅದು.

ಕೆಟ್ಟ ರಿವ್ಯೂವನ್ನು ಮಾಲೀಕರು ತಾವೇ ಅಳಿಸಲಾಗದು. ಬೈಗುಳ, ಸುಳ್ಳು ಗ್ರಾಹಕ, ಸಂಬಂಧವಿಲ್ಲದ ಮಾತು ಇದ್ದರೆ ದೂರು ಕೊಡಬಹುದು, ತೀರ್ಮಾನ ಗೂಗಲ್‌ನದು. ನಮ್ಮ ಕೈಲಿರುವುದು ಉತ್ತರ. “ರೊಟ್ಟಿ ತಣ್ಣಗಿತ್ತು, ಅರ್ಧ ಗಂಟೆ ಕಾಯಿಸಿದರು” ಎಂದು ಒಬ್ಬರು ಬರೆದಿದ್ದಾರೆ ಎನ್ನಿ. “ನೀವು ಯಾರು? ನಮ್ಮಲ್ಲಿಗೆ ಬಂದೇ ಇಲ್ಲ” ಎಂದು ಜಗಳಕ್ಕೆ ನಿಂತರೆ ಮುಂದೆ ಓದುವವರೆಲ್ಲ ಅದನ್ನೇ ನೋಡುತ್ತಾರೆ. “ಕಾಯಿಸಿದ್ದಕ್ಕೆ ಕ್ಷಮೆ ಇರಲಿ. ಭಾನುವಾರ ಮಧ್ಯಾಹ್ನ ರಷ್ ಇತ್ತು. ಈಗ ರೊಟ್ಟಿ ಬಡಿಯಲು ಇನ್ನೊಬ್ಬರನ್ನು ಇಟ್ಟುಕೊಂಡಿದ್ದೇವೆ. ಮತ್ತೊಮ್ಮೆ ಬನ್ನಿ” ಎಂದರೆ ಮಾಲೀಕರು ಎಂಥವರೆಂದು ಓದುವವರಿಗೆ ಗೊತ್ತಾಗುತ್ತದೆ. ಬರೆದದ್ದು ನಿಜವಾಗಿರಬೇಕು ಎಂಬುದೊಂದೇ ಷರತ್ತು. ಬಿಲ್ ಕೊಡುವಾಗ “ಹೇಗಿತ್ತು ಅಂತ ಮ್ಯಾಪಲ್ಲಿ ಬರೀರಿ” ಎಂದು ಎಲ್ಲರಿಗೂ ಹೇಳಿ. ರಿವ್ಯೂ ಕೊಂಡಿಯ ಕ್ಯೂಆರ್ ಚೀಟಿಯನ್ನು ಯುಪಿಐ ಚೀಟಿಯ ಪಕ್ಕ ಅಂಟಿಸುವುದಕ್ಕೂ ಅಡ್ಡಿಯಿಲ್ಲ.

7. ತಪ್ಪು ಕಲ್ಪನೆ: ಅಂಗಡಿ ಇಲ್ಲದವರಿಗೆ ಇದು ಸಿಗುವುದಿಲ್ಲ

ವಾಸ್ತವ: ಪ್ಲಂಬರ್, ಎಲೆಕ್ಟ್ರಿಷಿಯನ್, ಮನೆಗೇ ಹೋಗಿ ಫ್ರಿಜ್ ರಿಪೇರಿ ಮಾಡುವವರು ಕೂಡ ಪ್ರೊಫೈಲ್ ಮಾಡಿಕೊಳ್ಳಬಹುದು. ಮನೆ ವಿಳಾಸವನ್ನು ಜನರಿಗೆ ಕಾಣದಂತೆ ಇಟ್ಟು, ತಾವು ಕೆಲಸ ಮಾಡುವ 20 ಪ್ರದೇಶಗಳವರೆಗೆ ನಮೂದಿಸಬಹುದು. ಆದರೆ ತುಮಕೂರಿನ ಪ್ಲಂಬರ್ ಇಡೀ ಕರ್ನಾಟಕವನ್ನೇ ಸೇರಿಸಿದರೆ ಕರ್ನಾಟಕಕ್ಕೆಲ್ಲ ಕಾಣುವುದಿಲ್ಲ. ನೆಲೆಯಿಂದ ಸುಮಾರು ಎರಡು ಗಂಟೆಯ ದಾರಿಯೊಳಗೆ ಇರಲಿ ಎಂಬುದು ಗೂಗಲ್ ಸೂಚನೆ. ಬೇರೆ ಬಡಾವಣೆಯ ಗೆಳೆಯನ ಮನೆ ವಿಳಾಸ ಕೊಟ್ಟು ಎರಡನೇ ಶಾಖೆ ತೋರಿಸುವುದು ಅಮಾನತಿಗೆ ನೇರ ದಾರಿ.

ನಿಜವಾದ ವ್ಯಾಪಾರ ಎಂದು ಖಾತ್ರಿಪಡಿಸಲು ಈಗ ಅನೇಕರಿಗೆ ವಿಡಿಯೊ ಕೇಳುತ್ತಾರೆ. ಕತ್ತರಿಸಿ ಜೋಡಿಸದೆ ಒಂದೇ ಓಟದಲ್ಲಿ ಚಿತ್ರಿಸಬೇಕು. ರಸ್ತೆ, ಅಕ್ಕಪಕ್ಕದ ಕಟ್ಟಡ, ನಿಮ್ಮ ಬೋರ್ಡು, ಒಳಗಿನ ಸಾಮಾನು, ಕೊನೆಗೆ ನೀವೇ ಶಟರಿನ ಬೀಗ ತೆಗೆಯುವುದೋ ಗಲ್ಲಾ ತೆರೆಯುವುದೋ ಕಾಣಬೇಕು. ಅಂಗಡಿಯಿಲ್ಲದ ಪ್ಲಂಬರ್ ತನ್ನ ಉಪಕರಣಗಳನ್ನು, ಹೆಸರು ಬರೆದ ಗಾಡಿಯನ್ನು ತೋರಿಸಬಹುದು.

8. ತಪ್ಪು ಕಲ್ಪನೆ: ಒಮ್ಮೆ ತುಂಬಿದರೆ ಕೆಲಸ ಮುಗಿಯಿತು

ವಾಸ್ತವ: ನಮ್ಮಲ್ಲಿ ಬಹಳಷ್ಟು ಕಟಿಂಗ್ ಶಾಪ್‌ಗಳಿಗೆ ಮಂಗಳವಾರ ರಜೆ. ಮ್ಯಾಪು ‘ತೆರೆದಿದೆ’ ಎಂದು ತೋರಿಸಿ, ಗಿರಾಕಿ ಬಂದು ಶಟರ್ ನೋಡಿ ಹೋದರೆ ಒಂದು ಸ್ಟಾರಿನ ರಿವ್ಯೂ ಖಂಡಿತ. ವಾರದ ರಜೆ, ಮಧ್ಯಾಹ್ನದ ವಿರಾಮ ಸರಿಯಾಗಿರಲಿ. ಯುಗಾದಿ, ಆಯುಧ ಪೂಜೆ, ಊರ ಜಾತ್ರೆಯ ದಿನಗಳಿಗೆ ‘ವಿಶೇಷ ಸಮಯ’ ಎಂಬ ಜಾಗದಲ್ಲಿ ಮೊದಲೇ ಬರೆದಿಡಿ. ಸದಾ ತೆರೆದಿದ್ದೇವೆ ಎಂದು ತೋರಿಸಲು 24 ಗಂಟೆ ಹಾಕುವುದು ಗಿರಾಕಿಗೂ ಮೋಸ, ನಿಯಮಕ್ಕೂ ವಿರುದ್ಧ.

ಪಿನ್ ಎಲ್ಲಿ ಬಿದ್ದಿದೆ ಎಂಬುದನ್ನೂ ನೋಡಬೇಕು. ಮಲೆನಾಡಿನ ಹೋಂಸ್ಟೇಯ ಪಿನ್ ಹಳ್ಳದ ಆಚೆ ದಡದಲ್ಲಿ ಬಿದ್ದಿದ್ದರೆ, ಕತ್ತಲಾದ ಮೇಲೆ ಬರುವ ಅತಿಥಿಯ ಕಾರು ಯಾರದೋ ಕಾಫಿ ತೋಟದ ಗೇಟಿನೆದುರು ನಿಲ್ಲುತ್ತದೆ. ಅಲ್ಲಿ ಫೋನಿಗೆ ಸಿಗ್ನಲ್ಲೂ ಇರುವುದಿಲ್ಲ. ಪಿನ್ ಸರಿಸಿ ಸರಿಯಾದ ಗೇಟಿಗೆ ತರಬಹುದು. ಮನೆ ನಂಬರ್, ಬೀದಿ ಹೆಸರು ಇಲ್ಲದ ಕಡೆ ‘ಪ್ಲಸ್ ಕೋಡ್’ ನೆರವಾಗುತ್ತದೆ. ಈ ಪುಟ್ಟ ಸಂಕೇತ ಅಕ್ಷಾಂಶ ರೇಖಾಂಶಗಳಿಂದಲೇ ಹುಟ್ಟುವುದರಿಂದ ಭೂಮಿಯ ಯಾವ ಮೂಲೆಗೂ ಸಿಗುತ್ತದೆ.

9. ತಪ್ಪು ಕಲ್ಪನೆ: ಕನ್ನಡದಲ್ಲಿ ಯಾರು ಹುಡುಕುತ್ತಾರೆ?

ವಾಸ್ತವ: ಟೈಪ್ ಮಾಡಲು ಬೇಸರಪಡುವವರು ಮೈಕ್ ಒತ್ತಿ ಕನ್ನಡದಲ್ಲೇ ಕೇಳುತ್ತಾರೆ. ಇಂಗ್ಲಿಷಿನಲ್ಲಿರುವ ಸ್ಥಳನಾಮಗಳನ್ನು ಕನ್ನಡವೂ ಸೇರಿದಂತೆ ಹತ್ತು ಭಾರತೀಯ ಭಾಷೆಗಳ ಲಿಪಿಗೆ ತಾನಾಗಿ ತರುವ ವ್ಯವಸ್ಥೆಯನ್ನು ಗೂಗಲ್ ಮ್ಯಾಪ್ಸ್ 2021ರ ಜನವರಿಯಲ್ಲಿ ಪ್ರಕಟಿಸಿತು. ಯಂತ್ರ ಮಾಡಿದ ಲಿಪ್ಯಂತರದಲ್ಲಿ ದೀರ್ಘ ಹ್ರಸ್ವ, ಲ ಳ ಅದಲುಬದಲಾಗುವುದುಂಟು. ಆದ್ದರಿಂದ ಮ್ಯಾಪಿನಲ್ಲಿ ಕನ್ನಡ ಆರಿಸಿಕೊಂಡು ನಿಮ್ಮ ಅಂಗಡಿಯ ಹೆಸರು ಹೇಗೆ ಕಾಣುತ್ತದೆಂದು ಒಮ್ಮೆ ನೋಡಿ, ತಪ್ಪಿದ್ದರೆ ತಿದ್ದುಪಡಿ ಸೂಚಿಸಿ. ಪರಿಚಯದಲ್ಲಿ ಕನ್ನಡದ ನಾಲ್ಕು ಸಾಲು ಇರಲಿ. ರಿವ್ಯೂ ಕನ್ನಡದಲ್ಲಿ ಬಂದರೆ ಉತ್ತರವೂ ಕನ್ನಡದಲ್ಲೇ ಹೋಗಲಿ.

10. ತಪ್ಪು ಕಲ್ಪನೆ: ಪಕ್ಕದ ಬೀದಿಯ ಹುಡುಗ ಎಲ್ಲ ಮಾಡಿಕೊಟ್ಟಿದ್ದಾನೆ, ಇನ್ನು ವೆಬ್‌ಸೈಟ್ ಒಂದಿದ್ದರೆ ಸಾಕು

ವಾಸ್ತವ: ವೆಬ್‌ಸೈಟ್ ಇಲ್ಲದೆಯೂ ಮ್ಯಾಪಿನಲ್ಲಿ ಕಾಣಿಸಬಹುದು. ಇದ್ದರೆ ಅನುಕೂಲ, ಕಡ್ಡಾಯವಲ್ಲ. ಪ್ರೊಫೈಲಿನ ಜೊತೆ ಪುಕ್ಕಟೆಯಾಗಿ ಸಿಗುತ್ತಿದ್ದ ಪುಟ್ಟ ವೆಬ್‌ಸೈಟ್‌ಗಳನ್ನು ಗೂಗಲ್ 2024ರ ಮಾರ್ಚ್‌ನಲ್ಲಿ ಮುಚ್ಚಿತು. ನಿಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಇನ್ನೂ ಆ ವಿಳಾಸವಿದ್ದರೆ ಹೊಸ ಕಾರ್ಡು ಮಾಡಿಸಿಕೊಳ್ಳಿ.

ಅದಕ್ಕಿಂತ ದೊಡ್ಡ ಪ್ರಶ್ನೆ, ಪ್ರೊಫೈಲ್ ಯಾರ ಇಮೇಲಿನಲ್ಲಿದೆ ಎಂಬುದು. ಮಾಡಿಕೊಟ್ಟ ಹುಡುಗನ ಇಮೇಲೇ ‘ಮಾಲೀಕ’ ಆಗಿದ್ದರೆ, ಅವನು ಬೆಂಗಳೂರಿಗೆ ಕೆಲಸಕ್ಕೆ ಹೋದ ಮೇಲೆ ಫೋನ್ ನಂಬರ್ ಬದಲಿಸಲೂ ಅವನನ್ನೇ ಕಾಯಬೇಕು. ಹಳೆಯದು ಕೈತಪ್ಪಿತೆಂದು ಹೊಸದೊಂದು ಮಾಡಿದರೆ ಒಂದೇ ಅಂಗಡಿಗೆ ಎರಡು ಪ್ರೊಫೈಲ್ ಆಗಿ, ರಿವ್ಯೂಗಳೂ ಹಂಚಿಹೋಗುತ್ತವೆ. ಮುಖ್ಯ ಮಾಲೀಕತ್ವ ನಿಮ್ಮ ಇಮೇಲಿಗೆ ಇರಲಿ, ನೆರವಾಗುವವರನ್ನು ‘ಮ್ಯಾನೇಜರ್’ ಆಗಿ ಸೇರಿಸಿ. ಬೇಡವೆನಿಸಿದ ದಿನ ತೆಗೆಯಬಹುದು. ಪ್ರೊಫೈಲ್ ಈಗಾಗಲೇ ಬೇರೆಯವರ ಕೈಲಿದ್ದರೆ, ಮಾಲೀಕತ್ವ ಕೋರಿ ಗೂಗಲ್ ಮೂಲಕವೇ ಮನವಿ ಕಳಿಸಲು ದಾರಿಯಿದೆ.

ಇಷ್ಟನ್ನೂ ಒಟ್ಟಿಗೆ ನೋಡಿದರೆ ಒಂದು ಮಾತು ಸ್ಪಷ್ಟ. ಅಂಗಡಿ ಇರುವ ಜಾಗವನ್ನು ಬದಲಿಸಲಾಗದು, ಗಿರಾಕಿ ನಿಂತ ಜಾಗ ನಮ್ಮ ಕೈಲಿಲ್ಲ. ಉಳಿದದ್ದು ಸರಿಯಾದ ಮಾಹಿತಿ ಮತ್ತು ಒಳ್ಳೆಯ ಹೆಸರು. ಇವೆರಡನ್ನೂ ಯಾವ ಪ್ಯಾಕೇಜೂ ಮಾರುವುದಿಲ್ಲ. ಇವತ್ತು ಬಾಗಿಲು ಹಾಕುವ ಮುನ್ನ ಫೋನ್ ತೆಗೆದು ನಿಮ್ಮ ಅಂಗಡಿಯ ಹೆಸರು, ನಂಬರ್, ಸಮಯ, ಪಿನ್, ಮುಖ್ಯ ಕೆಟಗರಿ, ಮಾಲೀಕರ ಇಮೇಲ್ ಈ ಆರನ್ನು ಪರೀಕ್ಷಿಸಿ. ತಪ್ಪಿದ್ದರೆ ನೀವೇ ತಿದ್ದಿ. ನಾಳೆ ‘ಗೂಗಲ್‌ನಿಂದ’ ಫೋನ್ ಬಂದು ಹಣವನ್ನೋ ಒಟಿಪಿಯನ್ನೋ ಕೇಳಿದರೆ, ಏನೂ ಹೇಳದೆ ಕರೆ ಕಡಿದುಬಿಡಿ.