ಮುಲ್ಕಿಯ ಪಾಠ, ಇಂಡಿಯ ಲಿಂಬೆ

ಬೇಸಿಗೆಯಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮಕ್ಕಳ ಕೈಗೆ ಸಿಗುವ ಅಗ್ಗದ ಕ್ಯಾಂಡಿಯಲ್ಲಿ ಬಣ್ಣ, ಸಕ್ಕರೆ, ಎಸೆನ್ಸ್‌ಗಳದೇ ಕಾರುಬಾರು. ಆದರೆ ಇದು 2023ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ಇಂಡಿ ಲಿಂಬೆಯ ಸೀಮೆ. ದಾಳಿಂಬೆ, ಪೇರಲ, ಪಪ್ಪಾಯಿ ಬೆಳೆಯುವ ನೆಲ. ಈ ಹಣ್ಣುಗಳಿಂದಲೇ ಕ್ಯಾಂಡಿ, ಐಸ್‌ಕ್ರೀಂ ಮಾಡಬಹುದಲ್ಲ?

ಹಣ್ಣನ್ನೇ ನಂಬಿ ಐಸ್‌ಕ್ರೀಂ ಮಾಡಿ ಗೆದ್ದವರು ನಮ್ಮವರೇ. ಮುಲ್ಕಿ ಕಡೆಯ ಹಣ್ಣಿನ ವ್ಯಾಪಾರಿಯ ಮಗ ರಘುನಂದನ ಕಾಮತ್ 1984ರಲ್ಲಿ ಮುಂಬೈಯ ಜುಹುವಿನಲ್ಲಿ 'ನ್ಯಾಚುರಲ್ಸ್' ಆರಂಭಿಸಿದರು. 2024ರ ಮೇ ತಿಂಗಳಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಅವರ ಸೀತಾಫಲ, ಎಳನೀರು ಐಸ್‌ಕ್ರೀಂಗಳು ದೇಶದ ಹಲವು ನಗರಗಳಲ್ಲಿ ಮನೆಮಾತಾಗಿದ್ದವು.

ಸೀತಾಫಲಕ್ಕೂ ತಂಪಿಗೂ ಒಳ್ಳೆಯ ನಂಟು. ಅದರ ತಿರುಳನ್ನು ಕುದಿಸಿದರೆ ಕಹಿಯಾಗುತ್ತದೆ, ಹಾಗೇ ಬಿಟ್ಟರೆ ಕಪ್ಪಾಗುತ್ತದೆ. ಆದ್ದರಿಂದ ಬೀಜ ತೆಗೆದು, ತಿರುಳನ್ನು ಕೂಡಲೇ ಹೆಪ್ಪುಗಟ್ಟಿಸಿ ಇಡಬೇಕು. ಐಸ್‌ಕ್ರೀಂ ಮಾಡುವಾಗ ಹಾಲನ್ನು ಕಾಯಿಸಿ ಗಟ್ಟಿಮಾಡಿ, ಪೂರ್ತಿ ಆರಿದ ಮೇಲೆಯೇ ತಿರುಳು ಬೆರೆಸಬೇಕು.

ಪೌಷ್ಟಿಕಾಂಶದ ಲೆಕ್ಕವೂ ತಂಪಿನ ಪರವಾಗಿಯೇ ಇದೆ. ವಿಟಮಿನ್ ಸಿ ಕಾವಿಗೆ ನಾಶವಾಗುತ್ತದೆ, ಶೈತ್ಯದಲ್ಲಿ ಬಹುಪಾಲು ಉಳಿಯುತ್ತದೆ. ವಯಸ್ಕ ಗಂಡಸಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕು. 100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಮಿಗೂ ಹೆಚ್ಚಿರುತ್ತದೆ. ಪಪ್ಪಾಯಿಯಲ್ಲಿ ವಿಟಮಿನ್ ಸಿ ಜೊತೆಗೆ ಕ್ಯಾರೊಟಿನ್ ಕೂಡ ಉಂಟು. ತಿರುಳು ಸೋಸದಿದ್ದರೆ ನಾರೂ ಸಿಗುತ್ತದೆ. ಹಾಗೆಂದು ಸಕ್ಕರೆ ಸುರಿದರೆ ಹಣ್ಣಿನ ಗುಣ ಹಿಂದೆ ಬೀಳುತ್ತದೆ, ಮಧುಮೇಹಿಗಳು ಎಚ್ಚರದಿಂದಿರಬೇಕು.

ಮನೆಯಲ್ಲಿ ಲಿಂಬೆ ಐಸ್ ಮಾಡುವುದು ಸುಲಭ. ಸಕ್ಕರೆ ಪಾಕ ಆರಿದ ಮೇಲೆ ರಸ ಹಿಂಡಿ, ಅಗಲ ತಟ್ಟೆಗೆ ಸುರಿದು ಫ್ರೀಜರಿನಲ್ಲಿಡಿ. ಅರ್ಧ ಗಂಟೆಗೊಮ್ಮೆ ಚಮಚದಿಂದ ಕೆರೆಯುತ್ತಿದ್ದರೆ ಬಂಡೆಯಂತೆ ಗಟ್ಟಿಯಾಗದೆ ಹರಳು ಹರಳಾಗಿ ಬರುತ್ತದೆ.

ಅಂಗಡಿಯಲ್ಲಿ ಕೊಳ್ಳುವಾಗ ಡಬ್ಬಿಯ ಮೇಲಿನ ಬರಹ ಓದಿ. ಹಾಲಿನ ಕೊಬ್ಬಿನಿಂದ ಮಾಡಿದ್ದು ಐಸ್‌ಕ್ರೀಂ. ಸಸ್ಯಜನ್ಯ ಎಣ್ಣೆ ಬಳಸಿದ್ದರೆ 'ಫ್ರೋಜನ್ ಡೆಸರ್ಟ್' ಎಂದು ಬರೆದಿರುತ್ತದೆ. ಹಣ್ಣಿನ ತಿರುಳು ಎಷ್ಟಿದೆ ಎಂಬುದನ್ನೂ ನೋಡಿ.

ಮಳೆಗಾಲದಲ್ಲಿ ಫಸಲು ಹೆಚ್ಚಿ ಲಿಂಬೆಯ ದರ ಕುಸಿಯುತ್ತದೆ, ಬೇಸಿಗೆಯಲ್ಲಿ ಏರುತ್ತದೆ. ದರ ಬಿದ್ದಾಗ ರಸ ತೆಗೆದು ಶೈತ್ಯದಲ್ಲಿಟ್ಟರೆ ಬೇಸಿಗೆಯ ವ್ಯಾಪಾರಕ್ಕೆ ಸರಕು ಸಿದ್ಧ. ಲಿಂಬೆ ಅಭಿವೃದ್ಧಿ ಮಂಡಳಿ ಇಂಡಿಯಲ್ಲೇ ಇದೆ. ಅದು ಮಹಿಳಾ ಸ್ವಸಹಾಯ ಸಂಘಗಳಿಗೆ ತರಬೇತಿ, ಶೈತ್ಯಾಗಾರದ ನೆರವು ಕೊಟ್ಟು ಈ ಕೆಲಸವನ್ನು ಈ ನಾಲ್ಕು ತಾಲ್ಲೂಕುಗಳಿಂದಲೇ ಆರಂಭಿಸಲಿ.