ಬಹುಮಾಧ್ಯಮ ಸಂಸ್ಕಾರಕಗಳ ವಿನ್ಯಾಸ

ಧ್ವನಿ, ಚಿತ್ರ, ವಿಡಿಯೊ ಮುಂತಾಗಿ ಎಡೆಬಿಡದೆ ಹರಿದುಬರುವ ದತ್ತಾಂಶವನ್ನು ನಿಗದಿತ ಕಾಲದೊಳಗೆ ಸಂಸ್ಕರಿಸುವಂತೆ ಗಣಕಯಂತ್ರದ ಪ್ರೊಸೆಸರನ್ನು ರೂಪಿಸುವ ಕಾರ್ಯವೇ ಬಹುಮಾಧ್ಯಮ ಸಂಸ್ಕಾರಕಗಳ ವಿನ್ಯಾಸ. 1990ರ ದಶಕದ ಮಧ್ಯಭಾಗದಿಂದ ಇದು ಗಣಕ ವಿನ್ಯಾಸದ ಮುಖ್ಯ ಶಾಖೆಗಳಲ್ಲಿ ಒಂದಾಗಿದೆ. ಈ ಕ್ಷೇತ್ರದ ನಿಜವಾದ ತೊಡಕು ಲೆಕ್ಕ ಮಾಡುವುದರಲ್ಲಿಲ್ಲ. ಲೆಕ್ಕಕ್ಕೆ ಬೇಕಾದ ಸಂಖ್ಯೆಗಳನ್ನು ಸಕಾಲದಲ್ಲಿ ತಂದೊದಗಿಸುವುದರಲ್ಲಿದೆ.

ಹರಿಯುವ ದತ್ತಾಂಶದ ಸ್ವಭಾವ

1920 ಅಗಲ ಮತ್ತು 1080 ಎತ್ತರದ ಒಂದು ಚಿತ್ರದಲ್ಲಿ 20,73,600 ಬಿಂದುಗಳಿರುತ್ತವೆ. ಬಿಂದುವೊಂದಕ್ಕೆ 3 ಬೈಟ್‌ಗಳಂತೆ, ಸೆಕೆಂಡಿಗೆ 30 ಚಿತ್ರಗಳಿಗೆ ಸುಮಾರು 186 ಮೆಗಾಬೈಟ್‌ಗಳಷ್ಟು ದತ್ತಾಂಶ ಹರಿಯಬೇಕು. ತಡವಾಗಿ ಬಂದ ಚಿತ್ರ ಸರಿಯಾಗಿದ್ದರೂ ನಿರುಪಯುಕ್ತ.

ಸಾಮಾನ್ಯ ಸಂಸ್ಕಾರಕವು ಕ್ಯಾಷ್ ಎಂಬ ಚಿಕ್ಕದಾದ, ವೇಗದ ಸ್ಮೃತಿಯನ್ನು ನೆಚ್ಚಿಕೊಂಡಿರುತ್ತದೆ. ಒಮ್ಮೆ ಬಳಸಿದ ಸಂಖ್ಯೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಬೇಕಾಗುತ್ತದೆ ಎಂಬ ಅನುಭವವೇ ಕ್ಯಾಷ್‌ನ ಆಧಾರ. ವಿಡಿಯೊದ ಬಿಂದುಗಳಾದರೋ ಬಹುಪಾಲು ಒಮ್ಮೆ ಬಂದು, ಬಳಕೆಯಾಗಿ, ಹೊರಟುಹೋಗುತ್ತವೆ. ಮರಳಿ ಬಾರದ ಇಂತಹ ಅತಿಥಿಗಳಿಂದ ಕ್ಯಾಷ್ ತುಂಬಿ, ಉಳಿಯಬೇಕಾದ ದತ್ತಾಂಶ ಹೊರದೂಡಲ್ಪಡುತ್ತದೆ. ಆದರೆ ಈ ಹರಿವಿಗೆ ಅನುಕೂಲದ ಗುಣಗಳೂ ಇವೆ. ಇಲ್ಲಿನ ಸಂಖ್ಯೆಗಳು ಚಿಕ್ಕವು, ಹೆಚ್ಚಾಗಿ 8 ಅಥವಾ 16 ಬಿಟ್‌ಗಳಷ್ಟು. ಎಲ್ಲ ಬಿಂದುಗಳ ಮೇಲೆ ಒಂದೇ ಬಗೆಯ ಕ್ರಿಯೆ ನಡೆಯುತ್ತದೆ. ಮುಂದೆ ಯಾವುದು ಬೇಕಾಗುವುದೆಂದು ಮೊದಲೇ ತಿಳಿದಿರುತ್ತದೆ.

ಒಂದು ಆದೇಶ, ಹಲವು ಸಂಖ್ಯೆಗಳು

ಚಿಕ್ಕ ಸಂಖ್ಯೆಗಳ ಗುಣವನ್ನು ಮೊದಲು ಬಳಸಿಕೊಂಡವರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಸಂಸ್ಥೆ ಸೇರಿದೆ. ಅಲ್ಲಿ ರೂಬಿ ಲೀ ಅವರ ನೇತೃತ್ವದಲ್ಲಿ ರೂಪುಗೊಂಡ ಮ್ಯಾಕ್ಸ್-1 ಆದೇಶಗಳು 1994ರಲ್ಲಿ ಪಿಎ-7100ಎಲ್‌ಸಿ ಸಂಸ್ಕಾರಕದೊಡನೆ ಬಂದವು. ಪ್ರತ್ಯೇಕ ಯಂತ್ರಾಂಶದ ನೆರವಿಲ್ಲದೆ, ತಂತ್ರಾಂಶದಿಂದಲೇ ಎಂಪೆಗ್-1 ವಿಡಿಯೊವನ್ನು ತೋರಿಸಲು ಅವು ನೆರವಾದವು. 1995ರಲ್ಲಿ ಸನ್ ಸಂಸ್ಥೆಯ ವಿಐಎಸ್ ಬಂದಿತು. 1997ರಲ್ಲಿ ಇಂಟೆಲ್ ಸಂಸ್ಥೆ 57 ಹೊಸ ಆದೇಶಗಳ ಎಂಎಂಎಕ್ಸ್ ಅನ್ನು ಪೆಂಟಿಯಂನಲ್ಲಿ ಅಳವಡಿಸಿ ಈ ವಿಧಾನವನ್ನು ಮನೆಮನೆಯ ಗಣಕಗಳಿಗೆ ತಲುಪಿಸಿತು.

ಎಂಎಂಎಕ್ಸ್‌ನ 64 ಬಿಟ್‌ಗಳ ರಿಜಿಸ್ಟರಿನಲ್ಲಿ 8 ಬಿಟ್‌ಗಳ 8 ಸಂಖ್ಯೆಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದೇ ಆದೇಶದಿಂದ ಎಂಟನ್ನೂ ಕೂಡಬಹುದು. ಇಲ್ಲಿ ಕೂಡುವ ರೀತಿಯೂ ಬೇರೆ. 8 ಬಿಟ್‌ಗಳಲ್ಲಿ 0ಯಿಂದ 255ರವರೆಗಿನ ಬೆಲೆಗಳನ್ನು ಮಾತ್ರ ಬರೆಯಲು ಸಾಧ್ಯ. 250 ಹೊಳಪಿನ ಬಿಂದುವಿಗೆ 10 ಸೇರಿಸಿದರೆ 260 ಆಗಬೇಕು. ಸಾಮಾನ್ಯ ಸಂಕಲನದಲ್ಲಿ ಅದು ಸುತ್ತಿ ಬಂದು 4 ಆಗುತ್ತದೆ. ಬೆಳ್ಳಗಿರಬೇಕಾದ ಮೋಡದ ನಡುವೆ ಕಪ್ಪು ಚುಕ್ಕೆ ಮೂಡುತ್ತದೆ. ತುಂಬಿದ ಕೊಡಕ್ಕೆ ಇನ್ನಷ್ಟು ನೀರು ಸುರಿದರೆ ಕೊಡ ಬರಿದಾಗುವುದಿಲ್ಲವಷ್ಟೆ. ಅದರಂತೆ, ಮೇರೆ ಮೀರಿದ ಫಲಿತಾಂಶವನ್ನು 255ರಲ್ಲೇ ನಿಲ್ಲಿಸುವ ಕ್ರಮಕ್ಕೆ ಪರ್ಯಾಪ್ತ ಸಂಕಲನ ಎನ್ನಬಹುದು. ರಸಾಯನಶಾಸ್ತ್ರದ ಪರ್ಯಾಪ್ತ ದ್ರಾವಣವನ್ನು ಬಲ್ಲ ವಿದ್ಯಾರ್ಥಿಗೆ ಈ ಹೆಸರು ಹೊಸದಲ್ಲ.

ಎಂಎಂಎಕ್ಸ್ ತನ್ನದೇ ಆದ ರಿಜಿಸ್ಟರ್‌ಗಳನ್ನು ಪಡೆಯದೆ, ದಶಮಾಂಶ ಲೆಕ್ಕಗಳಿಗೆ ಮೀಸಲಾಗಿದ್ದ ರಿಜಿಸ್ಟರ್‌ಗಳನ್ನೇ ಹಂಚಿಕೊಂಡಿತು. ಇದರಿಂದ ಆಗಿನ ಕಾರ್ಯಾಚರಣ ವ್ಯವಸ್ಥೆಗಳನ್ನು ಬದಲಿಸಬೇಕಾಗಲಿಲ್ಲ. ಆದರೆ ಎರಡೂ ಬಗೆಯ ಲೆಕ್ಕಗಳನ್ನು ಬೆರೆಸುವುದು ಕಷ್ಟವಾಯಿತು. ಜಾಣತನದ ಈ ಮಿತವ್ಯಯ ದೀರ್ಘಕಾಲ ಬಾಳಲಿಲ್ಲ. 1999ರಲ್ಲಿ ಬಂದ ಎಸ್‌ಎಸ್‌ಇ 128 ಬಿಟ್‌ಗಳ ಪ್ರತ್ಯೇಕ ರಿಜಿಸ್ಟರ್‌ಗಳನ್ನು ತಂದಿತು.

ವಿಡಿಯೊ ಸಂಕೋಚನದಲ್ಲಿ ಅತ್ಯಂತ ಭಾರವಾದ ಕೆಲಸ ಚಲನೆಯ ಹುಡುಕಾಟ. ಚಿತ್ರವನ್ನು 16×16 ಬಿಂದುಗಳ ಖಂಡಗಳಾಗಿ ಒಡೆದು, ಪ್ರತಿಯೊಂದು ಖಂಡವೂ ಹಿಂದಿನ ಚಿತ್ರದಲ್ಲಿ ಎಲ್ಲಿತ್ತೆಂದು ಹುಡುಕಲಾಗುತ್ತದೆ. ನಾಲ್ಕೂ ದಿಕ್ಕಿಗೆ 16 ಬಿಂದುಗಳವರೆಗೆ ಹುಡುಕಿದರೆ 33×33, ಅಂದರೆ 1,089 ಸ್ಥಾನಗಳು. ಸ್ಥಾನವೊಂದಕ್ಕೆ 256 ವ್ಯತ್ಯಾಸಗಳು. 352×288 ಅಳತೆಯ ಪುಟ್ಟ ಚಿತ್ರದಲ್ಲಿಯೂ 396 ಖಂಡಗಳಿರುವುದರಿಂದ ಒಂದು ಚಿತ್ರಕ್ಕೆ ಸುಮಾರು 11 ಕೋಟಿ, ಸೆಕೆಂಡಿಗೆ 25 ಚಿತ್ರಗಳಾದರೆ ಸುಮಾರು 276 ಕೋಟಿ ವ್ಯತ್ಯಾಸಗಳನ್ನು ಕಂಡುಹಿಡಿಯಬೇಕು. ಎಂಟು ಜೋಡಿ ಬಿಂದುಗಳ ವ್ಯತ್ಯಾಸಗಳನ್ನು ಕಂಡು, ಋಣ ಚಿಹ್ನೆಯನ್ನು ಕಳೆದು, ಮೊತ್ತ ತೆಗೆಯುವ ಮೂರೂ ಕೆಲಸಗಳನ್ನು ಒಂದೇ ಆದೇಶದಲ್ಲಿ ಮುಗಿಸುವ ಏರ್ಪಾಟು ವಿಐಎಸ್‌ನಲ್ಲಿಯೂ ಎಸ್‌ಎಸ್‌ಇಯಲ್ಲಿಯೂ ಇರುವುದು ಇದೇ ಕಾರಣದಿಂದ.

ಸ್ಟ್ರೀಮ್ ಸಂಸ್ಕಾರಕ

ಮೇಲಿನ ವಿಧಾನವು ಲೆಕ್ಕವನ್ನು ತ್ವರಿತಗೊಳಿಸಿತೇ ಹೊರತು ಸಾಗಾಟದ ಸಮಸ್ಯೆಯನ್ನು ಬಗೆಹರಿಸಲಿಲ್ಲ. ಈ ಸಮಸ್ಯೆಯನ್ನು ನೇರವಾಗಿ ಕೈಗೆತ್ತಿಕೊಂಡದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಡ್ಯಾಲಿ ಮತ್ತು ಸಂಗಡಿಗರು ರೂಪಿಸಿದ 'ಇಮ್ಯಾಜಿನ್' ಸಂಸ್ಕಾರಕ. ಇದರಲ್ಲಿ 8 ಗುಂಪುಗಳಲ್ಲಿ, ಗುಂಪಿಗೆ 6ರಂತೆ 48 ಗಣಿತ ಘಟಕಗಳಿದ್ದವು. ಕ್ಯಾಷ್‌ನ ಬದಲು, 128 ಕಿಲೋಬೈಟ್‌ಗಳ ಸ್ಟ್ರೀಮ್ ರಿಜಿಸ್ಟರ್ ಉಗ್ರಾಣವಿತ್ತು. ಉಗ್ರಾಣದ ವೇಗ ಹೊರಗಿನ ಸ್ಮೃತಿಯ ವೇಗಕ್ಕಿಂತ ಸುಮಾರು ಹತ್ತು ಪಟ್ಟು. ಘಟಕಗಳ ಪಕ್ಕದಲ್ಲಿದ್ದ ರಿಜಿಸ್ಟರ್‌ಗಳ ವೇಗ ಅದಕ್ಕಿಂತಲೂ ಹತ್ತು ಪಟ್ಟಿಗೆ ಮಿಗಿಲು.

ಇಲ್ಲಿ ಕ್ರಮವಿಧಿಯನ್ನು ಕರ್ನೆಲ್ ಎಂಬ ಚಿಕ್ಕ ಚಿಕ್ಕ ಹಂತಗಳಾಗಿ ಬರೆಯಲಾಗುತ್ತದೆ. ಒಂದು ಹಂತದ ಫಲಿತಾಂಶ ಉಗ್ರಾಣದ ಮೂಲಕ ಮುಂದಿನ ಹಂತಕ್ಕೆ ಸಾಗುತ್ತದೆ. ನಡುವಣ ಫಲಿತಾಂಶಗಳು ದೂರದ ಸ್ಮೃತಿಗೆ ಹೋಗಿಬರುವ ದಂಡದ ಪ್ರಯಾಣ ತಪ್ಪುತ್ತದೆ.

ಸೆಲ್ ಸಂಸ್ಕಾರಕ

ಸೋನಿ, ತೋಷಿಬಾ ಮತ್ತು ಐಬಿಎಂ ಸಂಸ್ಥೆಗಳು ಕೂಡಿ ನಿರ್ಮಿಸಿದ ಸೆಲ್, 2006ರಲ್ಲಿ ಪ್ಲೇಸ್ಟೇಷನ್ 3 ಮೂಲಕ ಬಳಕೆಗೆ ಬಂದಿತು. ಒಂದು ಸಾಮಾನ್ಯ ಸಂಸ್ಕಾರಕದ ಜೊತೆಗೆ 8 ಸಹಾಯಕ ಘಟಕಗಳು ಇದರಲ್ಲಿದ್ದವು. ಸಹಾಯಕ ಘಟಕಗಳಿಗೆ ಕ್ಯಾಷ್ ಇರಲಿಲ್ಲ. ಆದೇಶಕ್ಕೂ ದತ್ತಾಂಶಕ್ಕೂ ಸೇರಿ ತಲಾ 256 ಕಿಲೋಬೈಟ್‌ಗಳ ಸ್ವಂತ ಸ್ಮೃತಿ ಮಾತ್ರ. ಒಂದು ಕಂತು ಸಂಸ್ಕರಣೆಯಾಗುತ್ತಿರುವಾಗಲೇ ಮುಂದಿನ ಕಂತನ್ನು ತರಿಸಿಕೊಳ್ಳುವ ಹೊಣೆ ಕ್ರಮವಿಧಿ ಬರೆಯುವವರದೇ ಆಗಿತ್ತು. ಸರಿಯಾಗಿ ಬರೆದಾಗ ಫಲ ದೊಡ್ಡದಾಗಿತ್ತು. ಆದರೆ ಸಾಮಾನ್ಯ ರೀತಿಯಲ್ಲಿ ಬರೆದ ಕ್ರಮವಿಧಿಗಳಿಗೆ ಈ ಘಟಕಗಳಿಂದ ಪ್ರಯೋಜನವಾಗಲಿಲ್ಲ. 2013ರ ಪ್ಲೇಸ್ಟೇಷನ್ 4ರಲ್ಲಿ ಸೋನಿ ಸೆಲ್ ಅನ್ನು ಕೈಬಿಟ್ಟಿತು. ಯಂತ್ರದ ಮೇಲಿನ ಭಾರವನ್ನು ಮನುಷ್ಯನ ಹೆಗಲಿಗೆ ವರ್ಗಾಯಿಸಿದ ವಿನ್ಯಾಸವೆಂದು ಅದನ್ನು ಬಣ್ಣಿಸಿದರೆ ಅನ್ಯಾಯವಾಗದು.

ಇತರ ಮಾರ್ಗಗಳು

ಹಲವು ಸಂಖ್ಯೆಗಳ ಮೇಲೆ ಒಮ್ಮೆಗೇ ದುಡಿಯುವ ವಿಧಾನ ಎಲ್ಲೆಡೆ ಸಲ್ಲುವುದಿಲ್ಲ. ಸಂಕುಚಿತ ವಿಡಿಯೊದ ಬಿಟ್‌ಗಳನ್ನು ಬಿಡಿಸುವ ಮೊದಲ ಹಂತದಲ್ಲಿ, ಒಂದು ಸಂಕೇತ ತಿಳಿದ ಮೇಲಷ್ಟೇ ಮುಂದಿನ ಸಂಕೇತ ಎಲ್ಲಿ ಆರಂಭವಾಗುತ್ತದೆಂದು ತಿಳಿಯುತ್ತದೆ. ಇಲ್ಲಿ ಎಂಟು ಕೈಗಳಿದ್ದರೂ ಏಳು ಬಿಡುವಾಗಿಯೇ ಇರಬೇಕು. ಇದಕ್ಕಾಗಿಯೂ ಬ್ಯಾಟರಿಯ ಉಳಿತಾಯಕ್ಕಾಗಿಯೂ ಇಂದಿನ ಮೊಬೈಲ್ ಚಿಪ್‌ಗಳಲ್ಲಿ ವಿಡಿಯೊ ಬಿಡಿಸಲೆಂದೇ ಪ್ರತ್ಯೇಕ ಘಟಕವಿರುತ್ತದೆ. ಆದರೆ ಹೊಸ ಸಂಕೋಚನ ವಿಧಾನ ಬಳಕೆಗೆ ಬಂದಾಗ ಹಳೆಯ ಚಿಪ್‌ನ ಈ ಘಟಕ ಅದನ್ನು ಅರಿಯದು. ಆಗ ತಂತ್ರಾಂಶವೇ ಗತಿ. ಬೆಂಗಳೂರಿನ ಇತ್ತಿಯಂ ಸಿಸ್ಟಮ್ಸ್ ಸಿದ್ಧಪಡಿಸಿದ ಎಚ್.264 ಮತ್ತು ಎಚ್‌ಇವಿಸಿ ತಂತ್ರಾಂಶಗಳು ಆಂಡ್ರಾಯ್ಡ್‌ನಲ್ಲಿ ಸೇರಿರುವುದು ಇಂತಹ ಬಳಕೆಗಾಗಿ. ಆರ್ಮ್ ಸಂಸ್ಕಾರಕಗಳ ನಿಯಾನ್ ಎಂಬ, ಎಂಎಂಎಕ್ಸ್‌ನದೇ ಜಾತಿಯ ಆದೇಶಗಳನ್ನು ಅವು ಬಳಸುತ್ತವೆ.