ಗೋದಲಿಯಲ್ಲಿ ಆರಂಭವಾಗುವ ಆರೋಗ್ಯ

ನಿತ್ಯವೂ ಸೇವಿಸಬಹುದಾದ ಆಹಾರಗಳಲ್ಲಿ ಹಾಲನ್ನು ಆಯುರ್ವೇದವು ಸೇರಿಸಿದೆ. ಚರಕಾಚಾರ್ಯರು ಆಕಳ ಹಾಲಿಗೆ ಹತ್ತು ಗುಣಗಳನ್ನು ಹೇಳಿ, ಅವೇ ಗುಣಗಳು ಓಜಸ್ಸಿನಲ್ಲಿಯೂ ಇರುವುದರಿಂದ ಹಾಲು ಓಜೋವರ್ಧಕವೆಂದು ತಿಳಿಸಿದ್ದಾರೆ. ಈ ಮಾತನ್ನು ನಮ್ಮ ಭಕ್ತರಲ್ಲಿ ಅನೇಕರು ಬಲ್ಲರು. ಆದರೆ ಹಾಲಿನ ಗುಣವು ಆಕಳು ತಿಂದ ಮೇವಿನಿಂದ ಬರುತ್ತದೆ ಎಂಬುದನ್ನು ಎಣಿಕೆಗೆ ತೆಗೆದುಕೊಳ್ಳುವವರು ಕಡಿಮೆ. ಭಾವಪ್ರಕಾಶವು ಮೇವು ಬದಲಾದಂತೆ ಹಾಲಿನ ಗುಣವೂ ಬದಲಾಗುವುದನ್ನು ವಿವರಿಸಿ, ಹುಲ್ಲು ಮತ್ತು ಹತ್ತಿಬೀಜಗಳನ್ನು ತಿಂದ ಹಸುವಿನ ಹಾಲನ್ನು ಹಿತಕರವೆಂದಿದೆ. ಆದ್ದರಿಂದ ಮನೆಯವರ ಪಥ್ಯವನ್ನು ವಿಚಾರಿಸುವ ನಾವು ಗೋದಲಿಯ ಪಥ್ಯವನ್ನೂ ವಿಚಾರಿಸಬೇಕು.

ಭತ್ತದ ನಾಡಿನ ಕೊರತೆ

ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು, ಜವಳಗೇರಾ ಭಾಗದ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಜೋಳದ ಕಣಿಕೆಯ ಬಣವೆಗಳಿದ್ದ ಹಿತ್ತಲುಗಳಲ್ಲಿ ಇಂದು ಭತ್ತದ ಹುಲ್ಲಿನ ಬಣವೆಗಳಿವೆ. ಅಕ್ಕಿ ಗಿರಣಿಗಳಿಂದ ತೌಡು ಸುಲಭವಾಗಿ ದೊರೆಯುತ್ತದೆ. ಹುಲ್ಲು ಮತ್ತು ತೌಡು ಇದ್ದರೆ ದನಗಳ ಹೊಟ್ಟೆ ತುಂಬಿತೆಂದು ರೈತರು ಭಾವಿಸುವುದು ಸಹಜ. ಆದರೆ ಹೊಟ್ಟೆ ತುಂಬುವುದು ಬೇರೆ, ಪೋಷಣೆಯಾಗುವುದು ಬೇರೆ.

ಭತ್ತದ ಹುಲ್ಲಿನಲ್ಲಿ ಸಸಾರಜನಕದ ಅಂಶ ಶೇ. 3ರಿಂದ 4 ಮಾತ್ರ. ಸಿಲಿಕಾ ಅಧಿಕವಾದ್ದರಿಂದ ಅದು ಸುಲಭವಾಗಿ ಜೀರ್ಣವಾಗುವುದಿಲ್ಲ. ಅದರಲ್ಲಿರುವ ಆಕ್ಸಲೇಟ್ ಸುಣ್ಣದ ಅಂಶವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುತ್ತದೆ. ತೌಡಿನಲ್ಲಿ ರಂಜಕ ಹೆಚ್ಚು, ಸುಣ್ಣ ಅತ್ಯಲ್ಪ. ಹೀಗೆ ಎರಡೂ ಕಡೆಯಿಂದ ಸುಣ್ಣದ ಕೊರತೆಯೇ ಬೆಳೆಯುತ್ತದೆ. ಇತ್ತ ಪ್ರತಿ ಲೀಟರ್ ಹಾಲಿನೊಡನೆ ಸುಮಾರು 1.2 ಗ್ರಾಂ ಸುಣ್ಣ ದೇಹದಿಂದ ಹೊರಹೋಗುತ್ತಿರುತ್ತದೆ. ಹೆಚ್ಚು ಹಾಲು ಕೊಡುವ ರಾಸು ಕರು ಹಾಕಿದ ಎರಡು ಮೂರು ದಿನಗಳಲ್ಲಿ ನೆಲ ಹಿಡಿದು, ಕುತ್ತಿಗೆಯನ್ನು ಪಕ್ಕೆಗೆ ಹೊರಳಿಸಿ ಮಲಗುವುದಕ್ಕೆ ರಕ್ತದಲ್ಲಿ ಸುಣ್ಣದ ಅಂಶ ಹಠಾತ್ತನೆ ಕುಸಿಯುವುದೇ ಕಾರಣ. ಇದನ್ನು ಹಾಲುಜ್ವರವೆಂದು ಕರೆದರೂ ಮೈ ಬಿಸಿಯಾಗುವುದಿಲ್ಲ, ತಣ್ಣಗಾಗುತ್ತದೆ. ಆಗ ಕಷಾಯ ಕುಡಿಸುತ್ತ ಕಾಲ ಕಳೆಯಬಾರದು. ನುಂಗಲಾರದ ರಾಸಿನ ಶ್ವಾಸನಾಳಕ್ಕೆ ಅದು ಇಳಿಯುವ ಭಯವುಂಟು. ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962.

ಪಶುವಿಗೂ ಪಥ್ಯ ಹೇಳುವ ವೃತ್ತಿ

ರೋಗ ಬರುವ ಮೊದಲೇ ಆಹಾರವನ್ನು ತಿದ್ದುವುದು ಪಶು ಆಹಾರ ಸಲಹೆಗಾರರ ಕೆಲಸ. ರಾಷ್ಟ್ರೀಯ ಹೈನುಗಾರಿಕೆ ಅಭಿವೃದ್ಧಿ ಮಂಡಳಿಯು 2012ರಿಂದ 2019ರವರೆಗೆ ನಡೆಸಿದ ರಾಷ್ಟ್ರೀಯ ಡೇರಿ ಯೋಜನೆಯ ಮೊದಲ ಹಂತದಲ್ಲಿ ಊರಿನವರಿಗೇ ತರಬೇತಿ ಕೊಟ್ಟು, ಸಮತೋಲನ ಆಹಾರದ ಸಲಹೆಯನ್ನು ರೈತರ ಕೊಟ್ಟಿಗೆಗೇ ಮುಟ್ಟಿಸುವ ಕ್ರಮವನ್ನು ಅನೇಕ ರಾಜ್ಯಗಳಲ್ಲಿ ಜಾರಿಗೆ ತಂದಿತು. ಸಲಹೆಗಾರರು ಮೊದಲು ಅಳತೆಪಟ್ಟಿಯಿಂದ ರಾಸಿನ ಎದೆಯ ಸುತ್ತಳತೆಯನ್ನೂ ಮೈಯ ಉದ್ದವನ್ನೂ ಅಳೆಯುತ್ತಾರೆ. ಇಂಚುಗಳಲ್ಲಿ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಮತ್ತೆ ಗುಣಿಸಿ, 660ರಿಂದ ಭಾಗಿಸಿದರೆ ಕಿಲೋಗಳಲ್ಲಿ ತೂಕ ದೊರೆಯುತ್ತದೆ. ಸುತ್ತಳತೆ 66 ಇಂಚು, ಉದ್ದ 60 ಇಂಚು ಇದ್ದರೆ ತೂಕ 396 ಕಿಲೋ. ಅನಂತರ ಹಾಲಿನ ಪ್ರಮಾಣ, ಕೊಬ್ಬಿನ ಅಂಶ, ಮನೆಯಲ್ಲಿರುವ ಮೇವು, ಪೇಟೆಯ ಧಾರಣೆಗಳನ್ನು ಬರೆದುಕೊಂಡು, ಕಡಿಮೆ ಖರ್ಚಿನಲ್ಲಿ ಪೂರ್ಣ ಪೋಷಣೆಯಾಗುವ ಪಟ್ಟಿಯನ್ನು ಮಾಡಿಕೊಡುತ್ತಾರೆ. ದೇಹ, ಬಲ, ಅಗ್ನಿ, ಕಾಲಗಳನ್ನು ನೋಡಿ ಪಥ್ಯ ಹೇಳುವ ನಮ್ಮ ವೈದ್ಯಕ್ರಮಕ್ಕೂ ಇದಕ್ಕೂ ದೂರವಿಲ್ಲ.

ದಿನಕ್ಕೆ 8 ಲೀಟರ್ ಹಾಲು ಕೊಡುವ, 400 ಕಿಲೋ ತೂಗುವ ಆಕಳಿಗೆ ಸಾಮಾನ್ಯ ಲೆಕ್ಕ ಹೀಗಿದೆ: ಹಸಿರು ಮೇವು 20 ಕಿಲೋ, ಒಣಹುಲ್ಲು 5 ಕಿಲೋ, ಪಶು ಆಹಾರ 4.5ರಿಂದ 5 ಕಿಲೋ. ಪಶು ಆಹಾರದಲ್ಲಿ 1.5 ಕಿಲೋ ದೇಹಪೋಷಣೆಗೆ, ಉಳಿದದ್ದು ಲೀಟರಿಗೆ 400 ಗ್ರಾಂನಂತೆ ಹಾಲಿಗೆ. ಎಮ್ಮೆಗೆ ಲೀಟರಿಗೆ 500 ಗ್ರಾಂ ಬೇಕು. ಇದರೊಂದಿಗೆ ಖನಿಜ ಮಿಶ್ರಣ 50 ಗ್ರಾಂ, ಉಪ್ಪು 30 ಗ್ರಾಂ. ನಮ್ಮ ಬೇಸಿಗೆಯಲ್ಲಿ ನೆರಳು ಮತ್ತು ನೀರು ಮೇವಿಗಿಂತ ಕಡಿಮೆಯವಲ್ಲ. ಬಾಯಾರಿದಾಗಲೆಲ್ಲ ಶುದ್ಧ ನೀರು ಸಿಗುವಂತಿರಬೇಕು.

ಹುಲ್ಲನ್ನು ತಿದ್ದುವ ಬಗೆ

ಇರುವ ಭತ್ತದ ಹುಲ್ಲನ್ನೇ ಸತ್ವಯುತವಾಗಿ ಮಾಡಬಹುದು. 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು 40ರಿಂದ 50 ಲೀಟರ್ ನೀರಿನಲ್ಲಿ ಪೂರ್ಣ ಕರಗಿಸಿ, ಪದರು ಪದರಾಗಿ ಸಮನಾಗಿ ಸಿಂಪಡಿಸಿ ತುಳಿದು, ಗಾಳಿಯಾಡದಂತೆ ಹೊದಿಸಿ 21 ದಿನ ಬಿಡಬೇಕು. ಹುಲ್ಲು ಮೆದುವಾಗುತ್ತದೆ, ಸಸಾರಜನಕ ಸುಮಾರು ಇಮ್ಮಡಿಯಾಗುತ್ತದೆ. ತೆಗೆದ ಹುಲ್ಲನ್ನು ಗಾಳಿಗೆ ಹರವಿ, ಘಾಟು ಹೋದ ಮೇಲೆ ಹಾಕಬೇಕು. ಆರು ತಿಂಗಳೊಳಗಿನ ಕರುಗಳಿಗೆ ಇದು ಸಲ್ಲದು. ಯೂರಿಯಾ ಕರಗಿಸಿದ ನೀರನ್ನು ದನಗಳು ಕುಡಿದರೆ ಪ್ರಾಣಕ್ಕೇ ಅಪಾಯ. ಮೊದಲ ಸಲ ತಿಳಿದವರ ಎದುರಿನಲ್ಲಿಯೇ ಮಾಡಬೇಕು.

ಯಾವ ಹೊಸ ಮೇವನ್ನೂ ಒಮ್ಮೆಗೇ ತುಂಬಾ ಕೊಡದೆ, ಹತ್ತು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ರೂಢಿಸಬೇಕು. ಆಯುರ್ವೇದವು ಮನುಷ್ಯರಿಗೆ ಹೇಳಿದ ಪಾದಾಂಶಿಕ ಕ್ರಮವೂ ಇದೇ.

ಭಕ್ತಿಯಿಂದ ಆಗುವ ಅಪಾಯ

ಜಾತ್ರೆ, ಮದುವೆ, ದಾಸೋಹಗಳಲ್ಲಿ ಉಳಿದ ಅನ್ನ, ಹೋಳಿಗೆ, ಸಜ್ಜಕಗಳನ್ನು ಪುಣ್ಯವೆಂದು ಬುಟ್ಟಿಗಟ್ಟಲೆ ದನಗಳ ಮುಂದೆ ಸುರಿಯುವ ರೂಢಿಯಿದೆ. ಭಾವನೆ ಪವಿತ್ರವಾದುದು, ಪರಿಣಾಮ ಮಾತ್ರ ಘೋರ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ನಾರನ್ನು ಜೀರ್ಣಿಸಲು ನಿರ್ಮಿತವಾದುದು. ಅಲ್ಲಿ ಅನ್ನ ರಾಶಿಯಾಗಿ ಬಿದ್ದರೆ ಶೀಘ್ರವಾಗಿ ಹುಳಿತು ಆಮ್ಲ ಹೆಚ್ಚುತ್ತದೆ. ರಾಸು ಮೇವು, ಮೆಲುಕು ಎರಡನ್ನೂ ಬಿಟ್ಟು, ಹೊಟ್ಟೆ ಉಬ್ಬಿ, ಭೇದಿಯಾಗಿ ಒಂದೆರಡು ದಿನಗಳಲ್ಲಿ ಸಾಯಲೂಬಹುದು. ಗೋಗ್ರಾಸ ಕೊಡುವವರು ಒಂದು ಹಿಡಿ ಪ್ರಸಾದದೊಡನೆ ಒಂದು ಹೊರೆ ಹಸಿರು ಮೇವನ್ನು ಕೊಡಲಿ. ಪ್ಲಾಸ್ಟಿಕ್ ಚೀಲಗಳೊಡನೆ ಆಹಾರವನ್ನು ಎಸೆಯದಿರಲಿ.

ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ರೈತರು ಎಳೆಯ ಅಥವಾ ಬರಕ್ಕೆ ಬಾಡಿದ ಜೋಳದ ಹಸಿಮೇವನ್ನು, ಕೂಳೆಯ ಚಿಗುರನ್ನು ಮೇಯಿಸಬಾರದು. ಅದರಲ್ಲಿ ಸಯನೈಡ್ ವಿಷ ಉಂಟಾಗಿರುತ್ತದೆ. ಹೂ ಬಿಟ್ಟ ಮೇಲೆ ಕತ್ತರಿಸುವುದು ಕ್ಷೇಮ. ಬೂಷ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳುಗಳು ಮನುಷ್ಯರಿಗೂ ಹಾನಿಕರ. ಅವುಗಳಲ್ಲಿನ ಅಫ್ಲಾಟಾಕ್ಸಿನ್ ಎಂಬ ವಿಷ ರೂಪ ಬದಲಿಸಿ ಹಾಲಿಗೆ ಇಳಿಯುತ್ತದೆ, ಕುದಿಸಿದರೂ ಹೋಗುವುದಿಲ್ಲ. ಕೆಟ್ಟ ಹಿಂಡಿಯನ್ನು ದನಕ್ಕೆ ಹಾಕಿ ಉಳಿಸಿದ ಹಣ ಮಗುವಿನ ಬಟ್ಟಲಿನಲ್ಲಿ ವಿಷವಾಗಿ ಮರಳುತ್ತದೆ.

ಹೈನು ನಮ್ಮ ಅನೇಕ ತಾಯಂದಿರ ಕಾಯಕ. ಬೆಳೆ ಕೈಕೊಟ್ಟ ವರ್ಷ ಮನೆಯ ಸಂತೆಯ ಖರ್ಚನ್ನು ಅದೇ ನಡೆಸುತ್ತದೆ. ಆದುದರಿಂದ ಗಬ್ಬದ ರಾಸಿನ ಮೇವನ್ನು ಕರು ಹಾಕುವ ಎರಡು ತಿಂಗಳ ಮೊದಲೇ ಪಶುವೈದ್ಯರಲ್ಲಿ ವಿಚಾರಿಸಿಕೊಳ್ಳಿರಿ. ಕಾಲುವೆ ನೀರು ಕಾಣುವ ಹೊಲದವರು ಬದುವಿನ ಮೇಲಾದರೂ ನಾಲ್ಕು ಸಾಲು ಹಸಿರು ಮೇವನ್ನು ಹಚ್ಚಿರಿ. ಅದರ ಫಲ ಆಕಳಿಗೂ, ಅದರ ಹಾಲು ಕುಡಿಯುವ ಮಕ್ಕಳಿಗೂ ಸಲ್ಲುತ್ತದೆ.